ಗ್ರಾವೆಲ್ ಸವಾರಿ: ಕಾಡು, ನದಿ ಕಣಿವೆ, ಹಳೆಯ ದಾರಿಗಳು. ಸೈಕಲ್ಲಿಗಿಂತ ಮೊದಲು ದಾರಿಯ ಬಗ್ಗೆ ಮಾತಾಡೋಣ

ಮಣ್ಣಹಾದಿ:

ಗೆಳೆಯರೇ, ಗ್ರಾವೆಲ್ ಬೈಕಿನ (ಮಣ್ಣು, ಜಲ್ಲಿ ದಾರಿಗೆ ಮಾಡಿದ ಅಗಲ ಟೈರಿನ ಸೈಕಲ್) ಮಾತು ಶುರುವಾದರೆ ಫ್ರೇಮು, ಗೇರು, ಟೈರು ಇಷ್ಟರಲ್ಲೇ ಮುಗಿದುಹೋಗುತ್ತದೆ. ಸೈಕಲ್ ಬಗ್ಗೆ ನೂರು ಪ್ರಶ್ನೆ, ದಾರಿಯ ಬಗ್ಗೆ ಒಂದೂ ಇಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ನಾನು ಹೇಳಬೇಕೆಂದಿರುವುದು ಇಷ್ಟು. ಡಾಂಬರಿಲ್ಲದ ಯಾವ ಹಳೆಯ ದಾರಿಯೂ ಸುಮ್ನೆ ಹುಟ್ಟಿದ್ದಲ್ಲ. ಯಾರೋ, ಯಾವುದೋ ಸರಕು ಸಾಗಿಸಲು ಮಾಡಿದ್ದು. ಆ ಸರಕು ಏನು, ಅದನ್ನು ಎಳೆದದ್ದು ಏನು ಅಂತ ಗೊತ್ತಾದರೆ ಏರು ಎಷ್ಟಿರುತ್ತದೆ, ತಿರುವು ಹೇಗಿರುತ್ತದೆ ಅಂತ ಮನೆಯಲ್ಲೇ ಕೂತು ಅಂದಾಜು ಮಾಡಬಹುದು. ಮಿಕ್ಕದ್ದನ್ನು ಕೆಳಗಿನ ಕಲ್ಲು, ಮಣ್ಣು ಹೇಳುತ್ತವೆ.

ಸುಲಭದ್ದು ಮೊದಲು. ಹಳಿ ಕಿತ್ತು ಸೈಕಲ್ಲಿಗೆ ಬಿಟ್ಟ ಹಳೆಯ ರೈಲು ದಾರಿ. ಉಕ್ಕಿನ ಹಳಿ ಮೇಲೆ ಉಕ್ಕಿನ ಗಾಲಿ ಬೇಗ ಜಾರುತ್ತದೆ. ಆದ್ದರಿಂದ ರೈಲಿನವರು ಏರನ್ನು ಸಾಮಾನ್ಯವಾಗಿ ಶೇಕಡಾ 2ರ (100 ಮೀಟರ್ ಹೋದರೆ 2 ಮೀಟರ್ ಎತ್ತರ) ಒಳಗೇ ಇಟ್ಟರು. ಅಮೆರಿಕದ ಗ್ರೇಟ್ ಅಲೆಗೆನಿ ಪ್ಯಾಸೇಜ್ ನೋಡಿ. ಪಿಟ್ಸ್‌ಬರ್ಗ್‌ನಿಂದ ಕಂಬರ್‌ಲ್ಯಾಂಡ್‌ವರೆಗೆ ಸುಮಾರು 240 ಕಿಲೋಮೀಟರ್, ಬಹುಪಾಲು ನದಿ ಕಣಿವೆಗಳಲ್ಲೇ ಸಾಗುತ್ತದೆ. ನೆಲದ ಮೇಲೆ ಪುಡಿ ಮಾಡಿದ ಸುಣ್ಣದ ಕಲ್ಲು ಹಾಸಿ ಗಟ್ಟಿ ಮಾಡಿದ್ದಾರೆ. ದಾರಿಯ ಅತಿ ಎತ್ತರದ ಜಾಗ 729 ಮೀಟರ್. ಅಲ್ಲಿಗೆ ಕಂಬರ್‌ಲ್ಯಾಂಡ್ ಕಡೆಯಿಂದ ಹತ್ತಿದರೆ 38 ಕಿಲೋಮೀಟರಿನಷ್ಟು ಏರು, ಆದರೆ ಎಲ್ಲೂ ಶೇಕಡಾ 2 ದಾಟುವುದಿಲ್ಲ. ಪಿಟ್ಸ್‌ಬರ್ಗ್ ಕಡೆಯಿಂದ ಬಂದರೆ ಹತ್ತುತ್ತಿದ್ದೇವೆ ಅಂತಲೇ ಗೊತ್ತಾಗುವುದಿಲ್ಲ.

ಕಂಬರ್‌ಲ್ಯಾಂಡ್ ತಲುಪಿದ ಮೇಲೆ ಇನ್ನೊಂದು ಲೋಕ. ಅಲ್ಲಿಂದ ವಾಷಿಂಗ್ಟನ್‌ವರೆಗೆ ಪೊಟೋಮ್ಯಾಕ್ ನದಿಯ ಪಕ್ಕದಲ್ಲೇ 297 ಕಿಲೋಮೀಟರ್ ಉದ್ದಕ್ಕೂ ಚೆಸಪೀಕ್ ಅಂಡ್ ಒಹಾಯೊ ಕಾಲುವೆಯ ದಾರಿ. 1828ರಲ್ಲಿ ಅಗೆಯಲು ಶುರು ಮಾಡಿ 1850ಕ್ಕೆ ಮುಗಿಸಿದ ಕಾಲುವೆ ಇದು. ದೋಣಿ ಎಳೆಯುವ ಹೇಸರಗತ್ತೆಗಳು ನಡೆಯುತ್ತಿದ್ದ ಮಣ್ಣಿನ ದಂಡೆಯೇ ಇವತ್ತು ನಮ್ಮ ಸೈಕಲ್ ದಾರಿ. ನೀರು ಏರು ಹತ್ತುವುದಿಲ್ಲ, ಆದ್ದರಿಂದ ದಾರಿಯೂ ಮಟ್ಟಸ. ದೋಣಿಯನ್ನು ಮೇಲಕ್ಕೆತ್ತುವ ಲಾಕ್ ಬಂದಾಗ ಮಾತ್ರ ಒಂದು ಚಿಕ್ಕ ದಿಬ್ಬ, ಮತ್ತೆ ಮಟ್ಟ. ಇಂಥ ಲಾಕ್‌ಗಳು 74. ಬಹಳಷ್ಟರ ಪಕ್ಕದಲ್ಲಿ ಕಾವಲಿನವನ ಮನೆ ಇರುತ್ತಿತ್ತು. ಕೆಲವು ಕಲ್ಲಿನ ಮನೆಗಳು ಇನ್ನೂ ನಿಂತಿವೆ.

ಒಂದು ತುದಿಯಲ್ಲಿ ರೈಲು, ಇನ್ನೊಂದು ತುದಿಯಲ್ಲಿ ಹೇಸರಗತ್ತೆ. ಸೈಕಲ್ ಅದೇ, ಸವಾರನೂ ಅದೇ. ಆದರೂ ಎರಡು ಬೇರೆ ಬೇರೆ ಸವಾರಿ. ರೈಲು ದಾರಿ ಒಣಗಿ ಗಟ್ಟಿಯಾಗಿರುತ್ತದೆ. ಕಾಲುವೆ ದಂಡೆ ಮಳೆಯಾದ ಮರುದಿನ ಕೆಸರು ಗುಂಡಿಗಳ ಸಾಲು.

ನಿಮಗೆ ಗೊತ್ತಿರುವ ದಾರಿಗಳ ಬಗ್ಗೆಯೂ ಹೀಗೇ ಬರೆಯಿರಿ. ಯಾರು ಮಾಡಿದ್ದು, ಏತಕ್ಕೆ, ಈಗ ಅದರ ಮೇಲೆ ಸೈಕಲ್ ಹೊಡೆದರೆ ಹೇಗಿರುತ್ತದೆ?

ಹಳೇಫ್ರೇಮ್:

ಮಣ್ಣಹಾದಿ ಅವರೇ, ಬಹಳ ದಿನದಿಂದ ಬೇಕಾಗಿದ್ದ ಚರ್ಚೆ ಇದು.

ನಾನು ಬೆಟ್ಟದ ನೆತ್ತಿಯ ದಾರಿಗಳ ಬಗ್ಗೆ ಬರೆಯುತ್ತೇನೆ. ದಕ್ಷಿಣ ಇಂಗ್ಲೆಂಡಿನ ರಿಜ್‌ವೇ ಅನ್ನುವ ದಾರಿಯಲ್ಲಿ ಕನಿಷ್ಠ 5,000 ವರ್ಷಗಳಿಂದ ಜನ ನಡೆದಾಡಿದ್ದಾರೆ ಎನ್ನುತ್ತಾರೆ. ಆಗಿನ ಕಾಲದಲ್ಲಿ ಕಣಿವೆ ಅಂದರೆ ಜೌಗು, ದಟ್ಟ ಕಾಡು. ನೆತ್ತಿಯ ಮೇಲೆ ಮಳೆ ನೀರು ಬೇಗ ಇಂಗಿ ನೆಲ ಒಣಗುತ್ತಿತ್ತು. ಅದಕ್ಕೇ ದನ ಹೊಡೆದುಕೊಂಡು ಹೋಗುವವರು, ವ್ಯಾಪಾರಿಗಳು, ಸೈನಿಕರು ಎಲ್ಲರೂ ಮೇಲಿನಿಂದಲೇ ಹೋದರು. ಸೈಕಲ್ಲಿನವರಿಗೂ ಅದೇ ಲೆಕ್ಕ ಅಲ್ವಾ? ಒಮ್ಮೆ ಮೇಲೆ ಹತ್ತಿದರೆ ಆಮೇಲೆ ಗಂಟೆಗಟ್ಟಲೆ ಅಲೆ ಅಲೆಯಾಗಿ ಸಾಗಬಹುದು. ಆದರೆ ನೀರು ಕೆಳಗೆ ಇರುತ್ತದೆ ಅನ್ನುವುದನ್ನು ಮರೆಯಬಾರದು. ಬಾಟಲಿ ತುಂಬಿಸಿಕೊಂಡೇ ಹತ್ತಬೇಕು.

ಅಲ್ಲಿನ ನೆಲ ಚಾಕ್ ಎನ್ನುವ ಮೆತ್ತನೆಯ ಬಿಳಿ ಸುಣ್ಣದ ಕಲ್ಲು. ಒಣಗಿದಾಗ ಟೈರು ಸಲೀಸಾಗಿ ಉರುಳುತ್ತದೆ. ಒದ್ದೆಯಾದರೆ ಟೈರಿಗೆ ಹಿಡಿತವೇ ಇಲ್ಲ, ಅದರಲ್ಲೂ ಗಾಡಿ ಜಾಡಿನ ಓರೆಯಲ್ಲಿ. ಆ ಚಾಕ್ ಒಳಗೆ ಚಕಮಕಿ ಕಲ್ಲಿನ ಚೂರುಗಳು ಹುದುಗಿರುತ್ತವೆ. ಅಂಚು ಬಹಳ ಹರಿತ. ಟೈರಿನ ಪಕ್ಕೆ ಸೀಳುವುದು ಅವೇ.

ಇದೇ ಕಥೆ ಅಮೆರಿಕದ ಕ್ಯಾನ್ಸಸ್‌ನ ಫ್ಲಿಂಟ್ ಹಿಲ್ಸ್‌ನಲ್ಲೂ ಇದೆ. ಅಲ್ಲಿಯೂ ಮಣ್ಣಿನ ತುಂಬ ಚಕಮಕಿ ಕಲ್ಲು. ನೇಗಿಲು ಇಳಿಯಲಿಲ್ಲ, ಉಳುಮೆ ಆಗಲಿಲ್ಲ. ಆದ್ದರಿಂದ ಸುತ್ತಲಿನ ಸೀಮೆಯೆಲ್ಲ ಹೊಲವಾದರೂ ಅಲ್ಲಿ ಎತ್ತರದ ಹುಲ್ಲಿನ ಬಯಲು ಉಳಿಯಿತು. 2006ರಲ್ಲಿ ಶುರುವಾಗಿ ಈಗ ಅನ್‌ಬೌಂಡ್ ಗ್ರಾವೆಲ್ ಎಂದು ಹೆಸರಾದ ರೇಸ್ ಎಂಪೋರಿಯಾ ಊರಿನಿಂದ ಹೊರಟು ಆ ಬಯಲಿನಲ್ಲೇ ಸುಮಾರು 320 ಕಿಲೋಮೀಟರ್ ಸುತ್ತುತ್ತದೆ. ಹುಲ್ಲುಗಾವಲನ್ನು ಉಳಿಸಿದ ಕಲ್ಲೇ ಅಲ್ಲಿ ಟೈರುಗಳನ್ನು ಕೊಯ್ಯುತ್ತದೆ. ಇದು ತಿಳಿದ ಮೇಲೆ ಆ ರೇಸಿನ ಪಂಕ್ಚರ್ ಕಥೆಗಳನ್ನು ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ.

ಏರುಬೆನ್ನು:

ಚರ್ಚೆ ಚೆನ್ನಾಗಿದೆ, ಆದರೆ ಒಂದು ಆಕ್ಷೇಪ. ಯಾರು ಮಾಡಿದ್ದು ಅಂತ ಗೊತ್ತಾದರೆ ಏರು ಗೊತ್ತಾಗುತ್ತದೆ ಅನ್ನುತ್ತೀರಿ. ಫಿರಂಗಿ, ಹೇಸರಗತ್ತೆ ಸಾಗಿಸಲು ಮಾಡಿದ ಸೈನಿಕ ರಸ್ತೆ ಸಲೀಸಾಗಿರಬೇಕು ಅಂತ ಲೆಕ್ಕ ಹಾಕಿಕೊಂಡು ಇಟಲಿಯ ಕೊಲೆ ಡೆಲ್ಲೆ ಫಿನೆಸ್ಟ್ರೆ ಅನ್ನುವ ಘಾಟಿಗೆ ಹೋದರೆ ಏನಾಗುತ್ತದೆ? 18.5 ಕಿಲೋಮೀಟರ್ ಏರು, ಸರಾಸರಿಯೇ ಶೇಕಡಾ 9 ದಾಟುತ್ತದೆ. ಕೊನೆಯ ಸುಮಾರು 8 ಕಿಲೋಮೀಟರ್ ಡಾಂಬರೇ ಇಲ್ಲ. ತುದಿ 2,178 ಮೀಟರ್ ಎತ್ತರದಲ್ಲಿದೆ. ಅದೂ ಸೈನ್ಯ ಮಾಡಿದ್ದೇ. 2005ರಲ್ಲಿ ಮೊದಲ ಸಲ ಜಿರೋ ಡಿ ಇಟಾಲಿಯಾ ಅನ್ನುವ ಇಟಲಿಯ ದೊಡ್ಡ ರೇಸ್ ಅಲ್ಲಿಗೆ ಹೋದಾಗ ವೃತ್ತಿಪರರೇ ಏದುಸಿರು ಬಿಟ್ಟರು. 2018ರಲ್ಲಿ ಕ್ರಿಸ್ ಫ್ರೂಮ್ ಅಲ್ಲಿಂದಲೇ ಸುಮಾರು 80 ಕಿಲೋಮೀಟರ್ ಒಂಟಿಯಾಗಿ ಓಡಿ ರೇಸನ್ನು ತಿರುಗಿಸಿದ್ದು.

ಮಣ್ಣಹಾದಿ:

ಒಳ್ಳೆಯ ಆಕ್ಷೇಪ. ಒಪ್ಪುತ್ತೇನೆ, ಸೈನಿಕ ರಸ್ತೆ ಅಂದ ಮಾತ್ರಕ್ಕೆ ಸಲೀಸಲ್ಲ. ಆದರೆ ಫಿನೆಸ್ಟ್ರೆಯ ಏರಿನ ನಕ್ಷೆ ತೆಗೆದು ನೋಡಿ. ಮೊದಲಿನಿಂದ ಕೊನೆಯವರೆಗೆ ಹೆಚ್ಚುಕಮ್ಮಿ ಒಂದೇ ಸಮ. ತಿರುವಿನ ಮೇಲೆ ತಿರುವು, ನಡುವೆ ಎಲ್ಲೂ ಗೋಡೆಯಂತೆ ಎದ್ದ ತುಂಡಿಲ್ಲ. ಭಾರ ಎಳೆಯುವ ಪ್ರಾಣಿಗೆ ಏರಿಗಿಂತ ಏರು ಬದಲಾಗುವುದೇ ಕಷ್ಟ. ಸೈನಿಕ ರಸ್ತೆಯಲ್ಲಿ ನಾನು ನಿರೀಕ್ಷಿಸುವುದು ಈ ಒಂದೇ ಸಮತೆ. ಒಂದು ಗೇರು ಹಿಡಿದು ಕೊನೆಯವರೆಗೆ ಅದರಲ್ಲೇ ಹೋಗಬಹುದು.

ಇದಕ್ಕೆ ತದ್ವಿರುದ್ಧ ಇಟಲಿಯ ಟಸ್ಕನಿ ಸೀಮೆಯ ಬಿಳಿ ಜಲ್ಲಿ ರಸ್ತೆಗಳು. ಅವು ತೋಟದ ಮನೆಗಳ ದಾರಿ. ಮನೆಗಳು ಗುಡ್ಡದ ತಲೆ ಮೇಲೆ. ರೈತ ತನ್ನ ಮನೆಗೆ ಹತ್ತಿರದ ದಾರಿ ಮಾಡಿಕೊಂಡ, ಅಷ್ಟೇ. ಆದ್ದರಿಂದ ಏರು ಚಿಕ್ಕದು, ಆದರೆ ಕಡಿದು. ಸ್ಟ್ರಾಡೆ ಬಿಯಾಂಕೆ ರೇಸಿನ ಲೆ ಟೊಲ್ಫೆ ತುಂಡು ಶೇಕಡಾ 18ರವರೆಗೆ ಹೋಗುತ್ತದೆ. ಒಟ್ಟು ಎತ್ತರದ ಲೆಕ್ಕ ನೋಡಿ ಇಷ್ಟೇನಾ ಅಂದುಕೊಂಡವರ ಕಾಲು ಮಧ್ಯಾಹ್ನದ ಹೊತ್ತಿಗೆ ಸೋತಿರುತ್ತದೆ.

ಹಳೇಫ್ರೇಮ್:

ಬಿಳಿ ರಸ್ತೆಗಳ ಮಾತು ಬಂತು, ಆದ್ದರಿಂದ ಇದನ್ನೂ ಸೇರಿಸುತ್ತೇನೆ. ಆ ರಸ್ತೆಗಳು ಇವತ್ತು ಉಳಿದಿರುವುದರಲ್ಲಿ ಸೈಕಲ್ಲಿನವರ ಪಾಲು ದೊಡ್ಡದು. 1997ರಲ್ಲಿ ಗಾಯೊಲೆ ಇನ್ ಕ್ಯಾಂಟಿಯಲ್ಲಿ ಲೆರೋಯಿಕಾ ಅನ್ನುವ ಸೈಕಲ್ ಸವಾರಿ ಶುರುವಾಯಿತು. ಆಗ 92 ಸವಾರರು. ಡಾಂಬರಿನ ಕೆಳಗೆ ಮುಚ್ಚಿಹೋಗುತ್ತಿದ್ದ ಬಿಳಿ ರಸ್ತೆಗಳನ್ನು ಕಾಪಾಡಬೇಕು ಅನ್ನುವುದೇ ಅದರ ಆಸೆ. ಅಲ್ಲಿ ಹಳೆಯ ಕಾಲದ ಸೈಕಲ್ಲೇ ಬೇಕು, ಹೆಚ್ಚಾಗಿ ಸ್ಟೀಲಿನವು, ಗೇರಿನ ಲಿವರ್ ಫ್ರೇಮಿನ ಕೆಳಗಿನ ಕೊಳವೆ ಮೇಲೆ ಇರುವಂಥವು. 2007ರಲ್ಲಿ ಅದರಿಂದಲೇ ವೃತ್ತಿಪರರ ಸ್ಟ್ರಾಡೆ ಬಿಯಾಂಕೆ ರೇಸ್ ಹುಟ್ಟಿತು. ಫೇಬಿಯನ್ ಕಾನ್ಸೆಲಾರಾ ಮೂರು ಸಲ ಗೆದ್ದ ಮೇಲೆ ಒಂದು ತುಂಡಿಗೆ ಅವರ ಹೆಸರನ್ನೇ ಇಟ್ಟರು.

ಫ್ರಾನ್ಸಿನ ಬ್ರಿಟನಿಯಲ್ಲೂ ಹೀಗೆಯೇ. ಟ್ರೊ ಬ್ರೊ ಲಿಯೋನ್ ರೇಸ್ 1984ರಲ್ಲಿ ಶುರುವಾದದ್ದು ಬ್ರೆಟನ್ ಭಾಷೆಯ ಶಾಲೆಗಳಿಗೆ ಹಣ ಕೂಡಿಸಲು. ಹೊಲಗಳ ನಡುವಿನ ಗಾಡಿ ದಾರಿಗಳೇ ಅದರ ಜೀವ. ಚೆನ್ನಾಗಿ ಓಡಿದ ಬ್ರೆಟನ್ ಸವಾರನಿಗೆ ಇವತ್ತಿಗೂ ಒಂದು ಹಂದಿಮರಿ ಬಹುಮಾನ.

ಗ್ರಾವೆಲ್ ಅಂದರೆ ಹೊಸ ಫ್ಯಾಷನ್ ಅಂತ ಯಾರಾದರೂ ಅಂದರೆ ನನಗೆ ಬೇಸರವಾಗುತ್ತದೆ. 1919ರಲ್ಲಿ ವೇಫೇರರ್ ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದ ರಾಬಿನ್ಸನ್ ತಮ್ಮ ಗೆಳೆಯರ ಜೊತೆ ಹಿಮದ ನಡುವೆ ವೇಲ್ಸ್‌ನ ಬರ್ವಿನ್ ಬೆಟ್ಟವನ್ನು ಸೈಕಲ್ಲಿನಲ್ಲಿ ದಾಟಿದ್ದರು. 1955ರಲ್ಲಿ ಇಂಗ್ಲೆಂಡಿನ ಲೆಮ್‌ಸ್ಟರ್‌ನಲ್ಲಿ ರಫ್ ಸ್ಟಫ್ ಫೆಲೋಶಿಪ್ ಅನ್ನುವ ಸಂಘವೇ ಹುಟ್ಟಿತು. ಡಾಂಬರು ಬಿಟ್ಟು ಕಾಡು ಬೆಟ್ಟ ಸುತ್ತುವವರ ಸಂಘ. ಅವರ ಹತ್ತಿರ ಇದ್ದದ್ದು ಸಾಮಾನ್ಯ ಟೂರಿಂಗ್ ಸೈಕಲ್. ಏರು ಜಾಸ್ತಿಯಾದರೆ ಹೆಗಲ ಮೇಲೆ ಹೊತ್ತು ಹತ್ತುತ್ತಿದ್ದರು.

ಹೊಸಪೆಡಲ್:

ನಮಸ್ಕಾರ, ನಾನು ಈಗಷ್ಟೇ ಗ್ರಾವೆಲ್ ಬೈಕ್ ತಗೊಂಡವಳು. ಓದುತ್ತಾ ಹೋದರೆ ನಿಲ್ಲಿಸಲು ಮನಸ್ಸಾಗುತ್ತಿಲ್ಲ. ಎರಡು ಪ್ರಶ್ನೆ ಕೇಳಲಾ? ಟೈರಿಗೆ ಗಾಳಿ ಎಷ್ಟು ಹಾಕಬೇಕು? ಟೈರಿನ ಪಕ್ಕೆಯಲ್ಲಿ ಬರೆದಿರುವಷ್ಟು ಹಾಕಿದರೆ ಕೈ ಮರಗಟ್ಟುತ್ತದೆ. ಮತ್ತೆ ನನ್ನ ಸೈಕಲ್ಲಿಗೆ ಮುಂದೆ ಒಂದೇ ಗೇರು, 40 ಹಲ್ಲಿನದು. ಹಿಂದೆ ದೊಡ್ಡದು 42. ಬೆಟ್ಟಕ್ಕೆ ಸಾಕಾ?

ಚೈನ್‌ಎಣ್ಣೆ:

ಹೊಸಪೆಡಲ್ ಅವರೇ, ಧಾರಾಳವಾಗಿ ಕೇಳಿ.

ಪಕ್ಕೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದು ಸಾಮಾನ್ಯವಾಗಿ ಗರಿಷ್ಠ ಮಿತಿ. ಅಷ್ಟು ಹಾಕಬೇಕು ಅಂತಲ್ಲ. 40 ಮಿಲಿಮೀಟರ್ ಅಗಲದ ಟ್ಯೂಬ್‌ಲೆಸ್ ಟೈರು, ಸವಾರರು 70 ಕೆಜಿ ಆಸುಪಾಸು ಅಂದರೆ ಹಿಂದೆ 31, ಮುಂದೆ 28 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಹಾಕಿ ಶುರು ಮಾಡಿ. ಹಿಂದಿನ ಗಾಲಿಯ ಮೇಲೆ ಭಾರ ಜಾಸ್ತಿ, ಆದ್ದರಿಂದ ಈ ವ್ಯತ್ಯಾಸ. ಆಮೇಲೆ ಒಂದು ಒರಟು ಇಳಿಜಾರು ಇಳಿಯಿರಿ. ರಿಮ್ಮು ಕಲ್ಲಿಗೆ ತಾಗಿ ಟಕ್ ಅಂದರೆ 2 ಪಿಎಸ್ಐ ಏರಿಸಿ. ಜಲ್ಲಿ ಮೇಲೆ ಪುಟಿಯುತ್ತಿದ್ದರೆ 2 ಇಳಿಸಿ. ಟ್ಯೂಬು ಇದ್ದರೆ ಇದಕ್ಕಿಂತ ನಾಲ್ಕೈದು ಜಾಸ್ತಿ ಬೇಕು. ಇಲ್ಲದಿದ್ದರೆ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬು ಸಿಕ್ಕಿ ಎರಡು ತೂತು ಬೀಳುತ್ತವೆ.

ಗಟ್ಟಿ ಟೈರು ಬೇಗ ಓಡುತ್ತದೆ ಅನ್ನುವುದು ನುಣ್ಣನೆಯ ನೆಲಕ್ಕೆ ಹೇಳಿದ ಮಾತು. ಒರಟು ನೆಲದಲ್ಲಿ ಗಟ್ಟಿ ಟೈರು ಪ್ರತಿ ಕಲ್ಲಿಗೂ ಸೈಕಲ್ ಮತ್ತು ನಿಮ್ಮನ್ನು ಮೇಲಕ್ಕೆತ್ತುತ್ತದೆ. ಆ ಎತ್ತುವ ಶಕ್ತಿ ನಿಮ್ಮ ಕಾಲಿನದೇ. ಮೈ ಅಲ್ಲಾಡಿ ಅದೆಲ್ಲ ಸುಮ್ನೆ ಪೋಲಾಗುತ್ತದೆ. ಮೆದು ಟೈರು ಆ ಕಲ್ಲನ್ನು ತನ್ನೊಳಗೆ ನುಂಗಿಕೊಂಡು ಮುಂದೆ ಹೋಗುತ್ತದೆ. ನಿಮ್ಮ ಕೈ ಮರಗಟ್ಟುವುದೂ ಇದರಿಂದಲೇ. ಒಂದು ಒಳ್ಳೆಯ ಗಾಳಿ ಮಾಪಕ ಇಟ್ಟುಕೊಳ್ಳಿ. ಹೆಬ್ಬೆರಳಲ್ಲಿ ಒತ್ತಿ ನೋಡಿದರೆ 28ಕ್ಕೂ 35ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಗೇರಿನ ಲೆಕ್ಕ ಮಾಡಿ ನೋಡೋಣ. 40ಕ್ಕೆ 42 ಅಂದರೆ ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿ 0.95 ಸುತ್ತು. 40 ಮಿಲಿಮೀಟರ್ ಟೈರಿನ ಸುತ್ತಳತೆ ಸುಮಾರು 2.2 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿಲೋಮೀಟರ್. ಸವಾರರು, ಸೈಕಲ್, ಚೀಲ ಸೇರಿ 85 ಕೆಜಿ ಅಂತಿಟ್ಟುಕೊಳ್ಳಿ. ಶೇಕಡಾ 10ರ ಏರಿನಲ್ಲಿ ಆ ವೇಗಕ್ಕೆ ಬರೀ ಎತ್ತರ ಹತ್ತಲು ಸುಮಾರು 175 ವಾಟ್ ಬೇಕು. ಸಡಿಲ ನೆಲದಲ್ಲಿ ಇನ್ನೂ ಜಾಸ್ತಿ. ಅರ್ಧ ಗಂಟೆ ಅಷ್ಟು ಕೊಡಲು ಆಗುತ್ತದಾ ಅಂತ ನೀವೇ ನೋಡಿಕೊಳ್ಳಿ. ಆಗದಿದ್ದರೆ ಮುಂದಿನ 40 ತೆಗೆದು 36 ಅಥವಾ 34 ಹಾಕಿಸಿ. ಸೈಕಲ್ಲಿನಲ್ಲಿ ಮಾಡಬಹುದಾದ ಬದಲಾವಣೆಗಳಲ್ಲಿ ಬೆಟ್ಟಕ್ಕೆ ಇದರಷ್ಟು ಉಪಯೋಗದ್ದು ಇನ್ನೊಂದಿಲ್ಲ. ಬಯಲಿನಲ್ಲಿ ವೇಗ ಸ್ವಲ್ಪ ಕಮ್ಮಿಯಾಗುತ್ತದೆ, ಆಗಲಿ.

ಏರುಬೆನ್ನು:

ಗೇರಿನ ಮಾತಿಗೆ ಒಂದು ಸೇರಿಕೆ. ಡಾಂಬರಿನಲ್ಲಿ ಕಷ್ಟವಾದರೆ ಎದ್ದು ನಿಂತು ತುಳಿಯಬಹುದು. ಸಡಿಲ ಜಲ್ಲಿಯಲ್ಲಿ ಎದ್ದರೆ ಹಿಂದಿನ ಗಾಲಿಯ ಮೇಲಿನ ಭಾರ ಹೋಗಿ ಅದು ಸುಮ್ನೆ ತಿರುಗುತ್ತದೆ. ಸೀಟಿನ ಮುಂತುದಿಗೆ ಜರುಗಿ, ಮೊಣಕೈ ಮಡಚಿ, ಎದೆ ಬಗ್ಗಿಸಿ ಕೂತೇ ತುಳಿಯಬೇಕು. ಕೂತು ತುಳಿಯಲು ಹಗುರ ಗೇರು ಬೇಕೇ ಬೇಕು.

ಇಳಿಯುವಾಗ ಬ್ರೇಕು ತಿರುವಿಗೆ ಮುಂಚೆಯೇ, ಸೈಕಲ್ ನೇರ ಇರುವಾಗಲೇ ಮುಗಿಸಿ. ತಿರುವಿನೊಳಗೆ ಹೋದ ಮೇಲೆ ಮುಂದಿನ ಬ್ರೇಕು ಹಿಡಿದರೆ ಗಾಲಿ ಜಾರಿ ಕೆಳಗೆ ಬೀಳುವುದು ಖಾತ್ರಿ. ಕಣ್ಣು ಮುಂದಿನ ಗಾಲಿಯ ಮೇಲಲ್ಲ, ದೂರ ಹೋಗಬೇಕಾದ ಕಡೆ ಇರಲಿ. ಗುಂಡಿ ನೋಡುತ್ತಾ ಹೋದವರು ಗುಂಡಿಗೇ ಹೋಗುತ್ತಾರೆ.

ಇನ್ನು ಒಣ ರಸ್ತೆ ಮೇಲೆ ಅಡ್ಡಡ್ಡ ಅಲೆಗಳು ಏಳುತ್ತವಲ್ಲ, ಹೆಂಚಿನ ಮಾಡಿನ ಮೇಲೆ ಸೈಕಲ್ ಹೊಡೆದ ಹಾಗೆ ಆಗುತ್ತದಲ್ಲ, ಅದು ರಸ್ತೆ ಮಾಡಿದವರ ತಪ್ಪಲ್ಲ. ಸಡಿಲ ಒಣ ನೆಲದ ಮೇಲೆ ಗಾಲಿಗಳು ಒಂದು ಮಿತಿ ಮೀರಿದ ವೇಗದಲ್ಲಿ ಓಡಿದರೆ ಅಲೆ ತಾನಾಗಿ ಏಳುತ್ತದೆ. ಕಾರುಗಳು ವೇಗ ಕೂಡಿಸುವ, ಬ್ರೇಕ್ ಹಾಕುವ ಜಾಗದಲ್ಲಿ ಜಾಸ್ತಿ. ರಸ್ತೆಯ ತೀರಾ ಅಂಚಿನಲ್ಲಿ ಒಂದಡಿ ಅಗಲ ನುಣ್ಣನೆಯ ಪಟ್ಟಿ ಸಿಗುತ್ತದೆ, ಹುಡುಕಿ.

ಕಾಡುನೆರಳು:

ಕಾಡಿನ ಬಗ್ಗೆ ಯಾರೂ ಬರೆದಿಲ್ಲ. ನಾನು ಬರೆಯುತ್ತೇನೆ.

ಕಾಡಿನೊಳಗಿನ ಅಗಲ ರಸ್ತೆಗಳು ಹೆಚ್ಚಾಗಿ ಮರದ ದಿಮ್ಮಿ ಸಾಗಿಸಲು ಮಾಡಿದವು. ಉದ್ದ ಲಾರಿ ತಿರುಗಬೇಕು, ಆದ್ದರಿಂದ ತಿರುವು ವಿಶಾಲ. ಭಾರ ತಡೆಯಬೇಕು, ಆದ್ದರಿಂದ ಕೆಳಗೆ ದಪ್ಪ ಕಲ್ಲು. ಇಲ್ಲೊಂದು ಮುಖ್ಯ ಸಂಗತಿ. ದಿಮ್ಮಿ ರಸ್ತೆಗೆ ಇನ್ನೊಂದು ಊರು ತಲುಪುವ ಉದ್ದೇಶವೇ ಇಲ್ಲ. ಮರ ಎಲ್ಲಿಯವರೆಗೆ ಕಡಿದರೋ ಅಲ್ಲಿಗೆ ನಿಲ್ಲುತ್ತದೆ. ನಕ್ಷೆಯಲ್ಲಿ ಎರಡು ರಸ್ತೆಗಳ ತುದಿ ಹತ್ತಿರ ಹತ್ತಿರ ಕಂಡರೆ ನಡುವೆ ಹೇಗಾದರೂ ದಾಟಬಹುದು ಅಂದುಕೊಳ್ಳಬೇಡಿ. ಆ ಅರ್ಧ ಕಿಲೋಮೀಟರಿನಲ್ಲಿ ಕಡಿದು ಬಿಟ್ಟ ಕೊಂಬೆಗಳ ರಾಶಿ, ಹಳ್ಳ, ಮುಳ್ಳು ಏನು ಬೇಕಾದರೂ ಇರಬಹುದು.

ಹೊಸದಾಗಿ ಕಲ್ಲು ಸುರಿದ ರಸ್ತೆ ಹಳೆಯದಕ್ಕಿಂತ ಕೆಟ್ಟದ್ದು. ಜಲ್ಲಿಯ ಅಂಚು ಇನ್ನೂ ಸವೆದಿರುವುದಿಲ್ಲ, ಕಲ್ಲು ಕೂತಿರುವುದಿಲ್ಲ. ಒಂದೆರಡು ಮಳೆಗಾಲ ಕಳೆದ ಮೇಲೆ ಅದೇ ರಸ್ತೆ ಚೆನ್ನಾಗಿರುತ್ತದೆ.

ಮರ ಕಡಿಯುವ ಕೆಲಸ ನಡೆಯುತ್ತಿದೆ ಅನ್ನುವ ಬೋರ್ಡು ಕಂಡರೆ ವಾಪಸ್ ತಿರುಗಿ. ಯಂತ್ರದ ಒಳಗೆ ಕೂತವರಿಗೆ ನಮ್ಮ ಗಂಟೆ ಕೇಳುವುದಿಲ್ಲ. ರಸ್ತೆ ಪಕ್ಕ ಪೇರಿಸಿಟ್ಟ ದಿಮ್ಮಿ ರಾಶಿ ಮೇಲೆ ಫೋಟೋಗಾಗಿ ಹತ್ತುವುದೂ ಬೇಡ. ಒಂದು ಉರುಳಿದರೆ ಎಲ್ಲ ಉರುಳುತ್ತವೆ.

ಒದ್ದೆ ಬೇರುಗಳನ್ನು ಅಡ್ಡಡ್ಡವಾಗಿ, ನೇರ ಕೋನದಲ್ಲಿ ದಾಟಿ. ಓರೆಯಾಗಿ ಹೋದರೆ ಗಾಲಿ ಬೇರಿನ ಗುಂಟ ಜಾರುತ್ತದೆ. ಎಲೆ ಉದುರುವ ಕಾಲದಲ್ಲಿ ಕೊರಕಲೆಲ್ಲ ಮುಚ್ಚಿಹೋಗಿರುತ್ತದೆ, ವೇಗ ಇಳಿಸಿ. ದಟ್ಟ ಮರಗಳ ಕೆಳಗೆ ಜಿಪಿಎಸ್ ಹತ್ತಾರು ಮೀಟರ್ ಆಚೀಚೆ ತೋರಿಸುತ್ತದೆ. ಎರಡು ದಾರಿ ಒತ್ತೊತ್ತಾಗಿ ಕವಲೊಡೆಯುವಲ್ಲಿ ನೂರು ಮೀಟರ್ ಹೋದ ಮೇಲೆ ಪರದೆ ನೋಡಿ ಖಚಿತ ಮಾಡಿಕೊಳ್ಳಿ.

ಉಣುಗಿನ ಬಗ್ಗೆ ಎಚ್ಚರ. ಹುಲ್ಲು, ಪೊದೆಗೆ ಕಾಲು ತಾಗಿದ್ದರೆ ಸಂಜೆ ಸ್ನಾನಕ್ಕೆ ಮುಂಚೆ ಮಂಡಿಯ ಹಿಂದೆ, ಸೊಂಟದ ಸುತ್ತ, ಕಂಕುಳು ಎಲ್ಲ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಸಣ್ಣ ಮೊನೆಯ ಚಿಮಟದಲ್ಲಿ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರವಾಗಿ ಮೇಲಕ್ಕೆಳೆಯಬೇಕು. ಎಣ್ಣೆ, ಬೆಂಕಿಕಡ್ಡಿ ಏನೂ ಬೇಡ. ಯುರೋಪು, ಉತ್ತರ ಅಮೆರಿಕದ ಕಾಡುಗಳಲ್ಲಿ ಲೈಮ್ ಕಾಯಿಲೆ ಇವುಗಳಿಂದಲೇ ಹರಡುವುದು.

ಗಾಳಿಗುರುತು:

ನದಿ ಕಣಿವೆಯಲ್ಲಿ ದಾರಿಯಷ್ಟೇ ಮುಖ್ಯವಾದದ್ದು ಗಾಳಿ. ಬೆಟ್ಟಗಳ ನಡುವಿನ ಕಣಿವೆಯಲ್ಲಿ ಬಿಸಿಲು ಏರಿದಂತೆ ಇಳಿಜಾರುಗಳು ಕಾದು ಗಾಳಿ ಮೇಲೇಳುತ್ತದೆ. ಆ ಜಾಗ ತುಂಬಲು ಕೆಳಗಿನಿಂದ ಕಣಿವೆಯ ಮೇಲ್ಭಾಗಕ್ಕೆ ಗಾಳಿ ಬೀಸುತ್ತದೆ. ರಾತ್ರಿ ತಣ್ಣಗಾದ ಮೇಲೆ ಉಲ್ಟಾ, ತಂಪು ಗಾಳಿ ನದಿಯ ಜೊತೆಗೇ ಕೆಳಕ್ಕೆ ಹರಿಯುತ್ತದೆ. ಆದ್ದರಿಂದ ನದಿಯ ಹರಿವಿನ ದಿಕ್ಕಿಗೆ ಹೋಗುವುದಿದ್ದರೆ ಬೆಳಗ್ಗೆ ಬೇಗ ಹೊರಡಿ. ಮೇಲ್ಮುಖವಾಗಿ ಹೋಗುವುದಿದ್ದರೆ ಮಧ್ಯಾಹ್ನ ಒಳ್ಳೆಯದು, ಗಾಳಿ ಬೆನ್ನಿಗೆ. ನದಿಯ ಜೊತೆ ಇಳಿಯುತ್ತಿದ್ದೇವೆ, ಸಲೀಸು ಅಂದುಕೊಂಡು ಮಧ್ಯಾಹ್ನ ಹೊರಟರೆ ಇಳಿಜಾರಿನಲ್ಲೂ ತುಳಿಯಬೇಕಾಗುತ್ತದೆ.

ಬೆಳಗ್ಗೆ ಕಣಿವೆಯ ತಳ ಮೇಲಿನ ಊರುಗಳಿಗಿಂತ ತಣ್ಣಗಿರುತ್ತದೆ, ಮಂಜೂ ಜಾಸ್ತಿ. ಒಂದು ತೆಳು ಗಾಳಿ ಜಾಕೆಟ್ಟು ಇರಲಿ.

ಹೊಸಪೆಡಲ್:

ಎಲ್ಲರಿಗೂ ಧನ್ಯವಾದ. ಗಾಳಿ 30ಕ್ಕೆ ಇಳಿಸಿ ನೋಡಿದೆ. ಅದೇ ರಸ್ತೆ, ಬೇರೆ ಸೈಕಲ್ ಅನ್ನಿಸಿತು! ಇನ್ನೊಂದು ಭಯ ಇದೆ. ಊರಿಂದ ದೂರ ಟೈರು ಸೀಳಿದರೆ ಏನು ಮಾಡಬೇಕು? ಟ್ಯೂಬ್‌ಲೆಸ್ ರಿಪೇರಿ ನಾನು ಮಾಡಿಯೇ ಇಲ್ಲ.

ಚೈನ್‌ಎಣ್ಣೆ:

ಹೆದರಬೇಡಿ, ಒಂದೊಂದಾಗಿ ಹೇಳುತ್ತೇನೆ.

ಪಂಕ್ಚರ್ ಆದ ಕೂಡಲೇ ಚೀಸ್ ಅಂತ ಸದ್ದು ಬರುತ್ತದೆ, ತೂತಿನಿಂದ ಬಿಳಿ ಸೀಲೆಂಟ್ (ತೂತು ಮುಚ್ಚಲು ಟೈರಿನೊಳಗೆ ಹಾಕಿಟ್ಟ ದ್ರವ) ಚಿಮ್ಮಿ ಫ್ರೇಮಿಗೆ, ಕಾಲಿಗೆಲ್ಲ ಬೀಳುತ್ತದೆ. ಇಳಿದು ತೂತು ಎಲ್ಲಿದೆ ನೋಡಿ, ಆ ಭಾಗ ಕೆಳಗೆ ಬರುವಂತೆ ಗಾಲಿ ತಿರುಗಿಸಿ ನಿಲ್ಲಿಸಿ. ಒಳಗಿನ ದ್ರವ ಅಲ್ಲಿಗೆ ಹರಿದು ಬಂದು ಸೇರುತ್ತದೆ. ಚಿಕ್ಕ ತೂತಾದರೆ ಗುಳ್ಳೆ ಗುಳ್ಳೆಯಾಗಿ ಬಂದು, ಅರ್ಧ ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ನಿಲ್ಲದಿದ್ದರೆ ಪ್ಲಗ್ ಹಾಕಬೇಕು. ಅದು ಅಂಟು ಹಚ್ಚಿದ ದಪ್ಪ ದಾರದ ತುಂಡು. ಕವಲು ಮೊನೆಯ ಸೂಜಿಗೆ ಅದನ್ನು ಪೋಣಿಸಿ, ಗಾಳಿ ಇನ್ನೂ ಇರುವಾಗಲೇ ತೂತಿನೊಳಗೆ ತಳ್ಳಿ. ಎರಡು ತುದಿಯೂ ಹೊರಗೆ ಸ್ವಲ್ಪ ಉಳಿಯಬೇಕು. ಆಮೇಲೆ ಸೂಜಿಯನ್ನು ಥಟ್ಟನೆ ನೇರವಾಗಿ ಹೊರಗೆಳೆಯಿರಿ. ದಾರ ಅಲ್ಲೇ ಕಚ್ಚಿಕೊಳ್ಳುತ್ತದೆ. ಹೊರಗುಳಿದ ತುದಿಯನ್ನು ಕತ್ತರಿಸಲು ಹೋಗಬೇಡಿ, ಓಡುತ್ತಾ ತಾನೇ ಸವೆಯುತ್ತದೆ. ಗಾಳಿ ತುಂಬಿ ಹೊರಡಿ. ಗಾಲಿ ಬಿಚ್ಚುವ ಕೆಲಸವೇ ಇಲ್ಲ.

ಪಕ್ಕೆ ಸೀಳಿದ್ದರೆ ಮಾತು ಬೇರೆ. ಅಲ್ಲಿ ರಬ್ಬರು ತೆಳು, ಪ್ಲಗ್ ನಿಲ್ಲುವುದು ಕಷ್ಟ. ಟೈರಿನ ಒಂದು ಅಂಚು ಬಿಡಿಸಿ, ಟ್ಯೂಬ್‌ಲೆಸ್ ವಾಲ್ವ್ ತೆಗೆದು, ಸೀಳಿನ ಒಳಮೈಗೆ ಹಳೆ ಟೈರಿನ ಒಂದು ತುಂಡು ಇಡಿ. ಅದರ ಮೇಲೆ ಟ್ಯೂಬು ಹಾಕಿ. ಅದಕ್ಕೂ ಮುಂಚೆ ಟೈರಿನ ಒಳಗೆ ಬೆರಳಾಡಿಸಿ ಹಳೆಯ ಮುಳ್ಳುಗಳು ಚುಚ್ಚಿಕೊಂಡಿವೆಯಾ ನೋಡಿ. ಸೀಲೆಂಟ್ ಇದ್ದಾಗ ಗೊತ್ತೇ ಆಗದೆ ಕೂತಿದ್ದ ಮುಳ್ಳು ಟ್ಯೂಬು ಹಾಕಿದ ಕೂಡಲೇ ಚುಚ್ಚುತ್ತದೆ.

ಸೀಲೆಂಟ್ ಎರಡು ಮೂರು ತಿಂಗಳಿಗೆ ಒಣಗುತ್ತದೆ. ಗಾಲಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ದ್ರವದ ಸದ್ದು ಬರದಿದ್ದರೆ ತುಂಬಿಸುವ ಸಮಯ. ಮನೆಯಲ್ಲಿ ಒಮ್ಮೆ ಇದನ್ನೆಲ್ಲ ಸುಮ್ನೆ ಅಭ್ಯಾಸ ಮಾಡಿಬಿಡಿ.

ಹಳೇಫ್ರೇಮ್:

ಕೆಸರಿನ ಬಗ್ಗೆಯೂ ಎರಡು ಮಾತು. ಜೇಡಿ ಮಣ್ಣು ಒದ್ದೆಯಾಗಿ, ಅರ್ಧ ಒಣಗುವ ಹೊತ್ತು ಎಲ್ಲಕ್ಕಿಂತ ಕೆಟ್ಟದ್ದು. ಪೂರ್ತಿ ನೀರಾಗಿದ್ದರೆ ತೊಳೆದು ಹೋಗುತ್ತದೆ, ಅಂಟುವ ಹದದಲ್ಲಿದ್ದರೆ ಪ್ರತಿ ಸುತ್ತಿಗೂ ಟೈರಿನ ಮೇಲೆ ಒಂದು ಪದರ ಏರುತ್ತದೆ. ನೂರು ಮೀಟರಿನೊಳಗೆ ಗಾಲಿ ಫ್ರೇಮಿಗೆ ಸಿಕ್ಕಿ ನಿಂತುಬಿಡುತ್ತದೆ. 2023ರ ಅನ್‌ಬೌಂಡ್‌ನಲ್ಲಿ ಶುರುವಿನಲ್ಲೇ ಇಂಥ ಮಣ್ಣು ಸಿಕ್ಕಿ ಸಾಲು ಸಾಲು ಸವಾರರು ಸೈಕಲ್ ಹೊತ್ತು ನಡೆದರು. ಪೇಂಟ್ ಕಲಕುವ ಚಪ್ಪಟೆ ಕಡ್ಡಿ ಜೇಬಿನಲ್ಲಿಟ್ಟವರು ಅದರಿಂದ ಮಣ್ಣು ಕೆರೆದು ಮುಂದೆ ಹೋದರು. ಅಲ್ಲಿನ ಹಳಬರ ಜಾಣತನ ಅದು.

ಗಾಲಿ ಸಿಕ್ಕಿಕೊಂಡ ಮೇಲೂ ಬಲವಾಗಿ ತುಳಿಯಬೇಡಿ. ಗೇರು ಬದಲಿಸುವ ಡಿರೇಲರ್ ಮುರಿಯುವುದು ಆಗಲೇ. ಇಳಿದು ದಾರಿಯ ಅಂಚಿನ ಹುಲ್ಲಿನ ಮೇಲೆ ತಳ್ಳಿ, ಹುಲ್ಲೇ ಟೈರನ್ನು ಸ್ವಲ್ಪ ಒರೆಸುತ್ತದೆ.

ಕಾಡುನೆರಳು:

ಹಳೇಫ್ರೇಮ್ ಅವರೇ, ಹುಲ್ಲಿನ ಅಂಚಿಗೆ ಹೋಗುವ ವಿಷಯದಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ. ತಳ್ಳಿಕೊಂಡು ಹೋದರೆ ಪರವಾಗಿಲ್ಲ. ಆದರೆ ಎಲ್ಲರೂ ಕೆಸರು ತಪ್ಪಿಸಲು ಪಕ್ಕದಲ್ಲಿ ಸೈಕಲ್ ಹೊಡೆದರೆ ದಾರಿ ವರ್ಷ ವರ್ಷ ಅಗಲವಾಗುತ್ತದೆ. ಒದ್ದೆ ನೆಲದಲ್ಲಿ ಬಿದ್ದ ಗಾಲಿ ಗೆರೆಯಲ್ಲಿ ಮುಂದಿನ ಮಳೆಯ ನೀರು ಹರಿದು ಕೊರಕಲಾಗುತ್ತದೆ. ಹಳೆಯ ದಾರಿಗಳಲ್ಲಿ ಇದು ಇನ್ನೂ ಗಂಭೀರ ವಿಷಯ. ಇಂಗ್ಲೆಂಡಿನ ಕಿಂಗ್ ಆಲ್‌ಫ್ರೆಡ್ಸ್ ವೇ ನೋಡಿ. 2020ರಲ್ಲಿ ಸೈಕ್ಲಿಂಗ್ ಯುಕೆ ಸಂಸ್ಥೆ ರೂಪಿಸಿದ 350 ಕಿಲೋಮೀಟರ್ ಸುತ್ತು, ವಿಂಚೆಸ್ಟರ್‌ನಿಂದ ಹೊರಟು ಅಲ್ಲಿಗೇ ಬರುತ್ತದೆ. ಸ್ಟೋನ್‌ಹೆಂಜ್, ಏವ್‌ಬರಿಯ ಕಲ್ಲಿನ ವೃತ್ತ, ಕಬ್ಬಿಣ ಯುಗದ ಮಣ್ಣಿನ ಕೋಟೆಗಳು ಎಲ್ಲ ದಾರಿಯಲ್ಲೇ. ಆ ಕೋಟೆಗಳ ಮಣ್ಣಿನ ದಿಬ್ಬ ಹತ್ತಿ ಇಳಿಯಲು ಮಜವಾಗಿರುತ್ತದೆ ಅಂತ ಅನ್ನಿಸಬಹುದು. ದಯವಿಟ್ಟು ಬೇಡ. ಎರಡು ಸಾವಿರ ವರ್ಷ ನಿಂತ ದಿಬ್ಬವನ್ನು ಟೈರುಗಳು ಕೆಲವೇ ವರ್ಷಗಳಲ್ಲಿ ಕೊರೆದುಬಿಡುತ್ತವೆ. ಕೆಳಗೆ ಸೈಕಲ್ ನಿಲ್ಲಿಸಿ ನಡೆದು ಹತ್ತಿ.

ಯಾವ ದಾರಿಯಲ್ಲಿ ಸೈಕಲ್ಲಿಗೆ ಹಕ್ಕಿದೆ ಅನ್ನುವುದನ್ನೂ ಮೊದಲೇ ನೋಡಿಕೊಳ್ಳಬೇಕು. ಇಂಗ್ಲೆಂಡ್, ವೇಲ್ಸ್‌ನಲ್ಲಿ ಕುದುರೆ ದಾರಿಗಳಲ್ಲಿ 1968ರ ಕಾನೂನಿನಿಂದ ಸೈಕಲ್ಲಿಗೆ ಅವಕಾಶ ಸಿಕ್ಕಿತು, ಆದರೆ ನಡೆಯುವವರಿಗೆ, ಕುದುರೆಯವರಿಗೆ ದಾರಿ ಬಿಡಲೇಬೇಕು. ಕಾಲುದಾರಿಗಳಲ್ಲಿ ಆ ಹಕ್ಕಿಲ್ಲ. ಸ್ಕಾಟ್ಲೆಂಡಿನಲ್ಲಿ 2003ರ ಕಾನೂನು ಜವಾಬ್ದಾರಿಯಿಂದ ನಡೆದುಕೊಂಡರೆ ಬಹುತೇಕ ಎಲ್ಲ ಕಡೆ ಹೋಗಲು ಬಿಡುತ್ತದೆ. ಒಂದು ಗಡಿ ದಾಟಿದರೆ ನಿಯಮವೇ ಬೇರೆ.

ಕುದುರೆ ಎದುರಾದರೆ ದೂರದಿಂದಲೇ ನಿಧಾನ ಮಾಡಿ, ಮಾತಾಡಿಸಿ. ಗಂಟೆಗಿಂತ ಮನುಷ್ಯರ ದನಿ ಕುದುರೆಗೆ ಪರಿಚಿತ. ಹಿಂದಿನಿಂದ ಸದ್ದಿಲ್ಲದೆ ಬರುವ ಸೈಕಲ್ ಅಂದರೆ ಅದಕ್ಕೆ ಭಯ.

ಹಳೇಫ್ರೇಮ್:

ನೀವು ಹೇಳಿದ್ದು ಸರಿ. ತಳ್ಳುವುದು ಅಂತಲೇ ನನ್ನ ಅರ್ಥ. ರಿಜ್‌ವೇಯಲ್ಲೂ ಥೇಮ್ಸ್ ನದಿಯ ಪಶ್ಚಿಮದ ಭಾಗ ಪೂರ್ತಿ ಸೈಕಲ್ಲಿಗೆ ತೆರೆದಿದೆ, ಪೂರ್ವದಲ್ಲಿ ಬಹಳ ಕಡೆ ಕಾಲುದಾರಿ ಮಾತ್ರ. ಒಂದೇ ಹೆಸರಿನ ದಾರಿಯಲ್ಲೇ ಎರಡು ನಿಯಮ. ಹೋಗುವವರು ಗಮನಿಸಿ.

ಹೊಸಪೆಡಲ್:

ಕೊನೆಯ ಪ್ರಶ್ನೆ. ನನಗೆ ಗೊತ್ತಿಲ್ಲದ ಜಾಗದಲ್ಲಿ ದಾರಿ ಹೇಗಿದೆ ಅಂತ ನಕ್ಷೆಯಲ್ಲಿ ಹೇಗೆ ತಿಳಿಯುವುದು?

ಮಣ್ಣಹಾದಿ:

ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ, ಜನರೇ ಸೇರಿ ಮಾಡಿದ ಆನ್‌ಲೈನ್ ನಕ್ಷೆಯಿಂದ ಶುರು ಮಾಡಿ. ಅಲ್ಲಿ ಹೊಲ, ಕಾಡಿನ ದಾರಿಗಳಿಗೆ ಟ್ರ್ಯಾಕ್‌ಟೈಪ್ ಅಂತ ಒಂದು ಗುರುತು ಇರುತ್ತದೆ, ಗ್ರೇಡ್ 1ರಿಂದ 5ರವರೆಗೆ. 1 ಅಂದರೆ ಗಟ್ಟಿ ನೆಲ, 5 ಅಂದರೆ ಮೆತ್ತನೆಯ ಮಣ್ಣು, ಹುಲ್ಲು. 40 ಮಿಲಿಮೀಟರ್ ಟೈರಿಗೆ 2 ಮತ್ತು 3 ಹೇಳಿ ಮಾಡಿಸಿದ್ದು. 4 ಒಣಗಿದ್ದರೆ ನಡೆಯುತ್ತದೆ. 5 ಬಂದರೆ ನಡೆಯಲು ತಯಾರಾಗಿರಿ. ಒಂದು ಎಚ್ಚರ. ಅಲ್ಲಿ ಮೇಲ್ಮೈ ಗ್ರಾವೆಲ್ ಎಂದು ಗುರುತಿಸಿದ್ದರೆ ಅದು ರೈಲು ಹಳಿ ಕೆಳಗಿನ ಥರದ ದಪ್ಪ ಜಲ್ಲಿಯೂ ಇರಬಹುದು. ನಮಗೆ ಬೇಕಾದದ್ದು ಕಾಂಪ್ಯಾಕ್ಟೆಡ್ ಅಥವಾ ಫೈನ್ ಗ್ರಾವೆಲ್ ಅನ್ನುವ ಗುರುತು.

ಆಮೇಲೆ ಉಪಗ್ರಹದ ಚಿತ್ರ ನೋಡಿ. ನಡುವೆ ಹುಲ್ಲಿನ ಪಟ್ಟಿ, ಎರಡು ಕಡೆ ಗೆರೆ ಕಂಡರೆ ಗಾಡಿ ಓಡಾಡುತ್ತದೆ ಅಂತ ಅರ್ಥ. ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳ ಜೊತೆ ಜೊತೆಗೇ ದಾರಿ ಬಳುಕುತ್ತಾ ಹೋದರೆ ರೈಲೋ ಕಾಲುವೆಯೋ ಇದ್ದಿರಬೇಕು. ಗೆರೆಗಳನ್ನು ನೇರವಾಗಿ ಕತ್ತರಿಸಿಕೊಂಡು ಹೋದರೆ ಕಡಿದು ಏರು. ರೋಮನ್ನರ ರಸ್ತೆಗಳು ಹೀಗೆ ನೇರ ಎಳೆದಿರುತ್ತವೆ. ಕ್ರಿಸ್ತಪೂರ್ವ 312ರಲ್ಲಿ ಶುರುವಾದ ಆಪಿಯನ್ ದಾರಿಯಲ್ಲಿ ಇವತ್ತಿಗೂ ಉಳಿದಿರುವ ದೊಡ್ಡ ಕಪ್ಪು ಚಪ್ಪಡಿಗಳ ಮೇಲೆ ಯಾವ ಟೈರೂ ಸುಖವಾಗಿ ಓಡುವುದಿಲ್ಲ, ಪಕ್ಕದ ಮಣ್ಣಿನ ಗೆರೆಯೇ ಗತಿ.

ಮೊದಲ ದೂರದ ಸವಾರಿಗೆ ಹಳೆಯ ರೈಲು ದಾರಿಯನ್ನೇ ಆರಿಸಿಕೊಳ್ಳಿ, ಹೊಸಪೆಡಲ್ ಅವರೇ. ಏರಿನ ಭಯವಿಲ್ಲ, ಊರುಗಳು ಹತ್ತಿರ ಹತ್ತಿರ ಸಿಗುತ್ತವೆ. ಸುರಂಗ ಇದ್ದರೆ ದೀಪ ಬೇಕು. ಚಳಿಗಾಲದಲ್ಲಿ ಕೆಲವು ಸುರಂಗಗಳನ್ನು ಮುಚ್ಚುತ್ತಾರೆ, ಅಲೆಗೆನಿ ದಾರಿಯ ಬಿಗ್ ಸ್ಯಾವೇಜ್ ಸುರಂಗವೂ ಹಾಗೇ. ಹೊರಡುವ ಮುಂಚೆ ತೆರೆದಿದೆಯಾ ನೋಡಿಕೊಳ್ಳಿ. ಮುಂದಿನ ಗೇರು 36ಕ್ಕೆ ಬದಲಿಸಿದ ಮೇಲೆ ದಿಮ್ಮಿ ರಸ್ತೆಗಳ ಕಡೆ ಹೋಗುವಿರಂತೆ. ಹೋಗಿ ಬಂದು ಇಲ್ಲೇ ಬರೆಯಿರಿ. ದಾರಿಯ ಮೇಲ್ಮೈ ಹೇಗಿತ್ತು, ಯಾವ ತಿಂಗಳು ಹೋದಿರಿ, ಎಷ್ಟು ಪಿಎಸ್ಐ ಹಾಕಿದ್ದಿರಿ, ಇಷ್ಟು ಬರೆದರೂ ನಂತರ ಹೋಗುವವರಿಗೆ ಉಪಕಾರವಾಗುತ್ತದೆ.